ಕೂಸಿಗೆ ಸುತ್ತಿದ ಕೌದಿ

ನಾನು ಮಾಸೂರಿನ ಮಂಜವ್ವ. ಹಸುಗೂಸಿನ ವಿಷಯ ನನಗಿಂತ ಹೆಚ್ಚು ಯಾರಿಗೆ ಗೊತ್ತು ಅಂತ ಓಣಿ ತುಂಬ ಹೇಳಿಕೊಂಡು ಓಡಾಡುತ್ತಿದ್ದವಳು. ಈಗ ಹಾಗೆ ಹೇಳುವುದಿಲ್ಲ.

ಮಗಳು ವಿದ್ಯಾಶ್ರೀ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತು. ಮೂರನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂತು. ನಮ್ಮ ಮನೆಯಲ್ಲಿ ಕೂಸನ್ನು ಮೊದಲು ಹಿರಿಯರ ಸೀರೆಯಿಂದ ಹೊಲಿದ ಕೌದಿಯಲ್ಲೇ ಮಲಗಿಸಬೇಕು. ನನ್ನ ಅವ್ವನ ಸೀರೆಯಿಂದ ನಾನೇ ಹೊಲಿದದ್ದೊಂದಿತ್ತು. ಹುಳ ಹತ್ತಬಾರದು ಅಂತ ಬಿಳಿ ಡಾಂಬರ ಗುಳಿಗೆ ಹಾಕಿ ವರ್ಷಗಟ್ಟಲೆ ಟ್ರಂಕಿನಲ್ಲಿ ಇಟ್ಟಿದ್ದೆ. ತೆಗೆದವಳೇ ಕೂಸಿಗೆ ಸುತ್ತಿದೆ. ಮೂಗಿಗೆ ಘಾಟು ಬಡಿಯಿತು. ಇರಲಿ ಬಿಡು ಅಂದುಕೊಂಡೆ.

ಏಳನೆಯ ದಿನ ಆಶಾ ಕಾರ್ಯಕರ್ತೆ ಮಾಬೂಬಿ ಕೂಸನ್ನು ನೋಡಲು ಬಂದಳು. ಅಂಗಾಲು ಒತ್ತಿ ನೋಡಿದವಳ ಮುಖ ಸಪ್ಪಗಾಯಿತು.

“ಮಂಜಕ್ಕಾ, ಕೂಸು ಅಂಗಾಲತನಾ ಹಳದಿ ಆಗೈತಿ. ಹಾಲು ಕುಡಿಯಾಕತ್ತೈತೇನ್ರಿ?”

“ನಿನ್ನೆಯಿಂದ ಬಾಯಿನ ಹಚ್ಚವಲ್ದು,” ಎಂದಳು ವಿದ್ಯಾಶ್ರೀ. “ಉಚ್ಚಿ ನೋಡಿದರ ಕರೇ ಚಾದಂಗ ಐತಿ.”

ನಾನು ನಡುವೆ ಬಾಯಿ ಹಾಕಿದೆ. “ಹುಟ್ಟಿದ ಕೂಸು ಹಳದಿ ಆಗೂದು ಹೊಸಾದೇನು? ಎಳಿ ಬಿಸಿಲಿಗೆ ಹಿಡದರ ಹೋಗತೈತಿ. ಹಸಿ ಬಾಣಂತಿನ ಹೊರಗ ಎಬ್ಬಿಸಬ್ಯಾಡ!”

“ಬೈಯ್ರಿ ಅಕ್ಕಾ, ಎಷ್ಟರ ಬೈಯ್ರಿ. ಗಾಡಿಯಾಗ ಕುಂತು ಬೈಯ್ರಿ,” ಎಂದವಳೇ ಮಾಬೂಬಿ ೧೦೮ಕ್ಕೆ ಫೋನ್ ಹಚ್ಚಿಬಿಟ್ಟಳು.

ದೊಡ್ಡ ಆಸ್ಪತ್ರೆಯ ಮಕ್ಕಳ ಡಾಕ್ಟರು ಸಂಪದಾ, ಶಿಗ್ಗಾಂವದ ಹೆಣ್ಣುಮಗಳು. ಕೂಸನ್ನು ಎತ್ತಿಕೊಂಡವರೇ ಕೌದಿ ಮೂಸಿ ನೋಡಿ ಹೊರಗೆ ಕಳಿಸಿದರು. ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. ಹಳದಿ ಇನ್ನೂ ಏರಿದರೆ ಮಿದುಳಿಗೆ ಪೆಟ್ಟು, ಕಿವಿ ಹೋಗಬಹುದು, ಜೀವಕ್ಕೂ ಅಪಾಯ ಅಂದರು. ನಾನು ಬಾಗಿಲ ಬಳಿ ನೆಲದ ಮೇಲೆ ಕಾಯುತ್ತ ಕುಂತೆ.

ರಕ್ತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಡಾಕ್ಟರು ನನ್ನ ಪಕ್ಕಕ್ಕೇ ಬಂದು ಕುಂತರು.

“ಅವ್ವಾರ, ರಕ್ತದಾಗಿನ ಕೆಂಪು ಕಣಕ್ಕ ಸಕ್ಕರಿನ ಊಟ. ಅದರಿಂದನ ಅದು ಬದುಕತದ, ಅದರಿಂದನ ಹೊರಗಿನ ಪೆಟ್ಟೂ ತಡಕೋತದ. ಪೆಟ್ಟು ತಡಿಯೋ ಕೆಲಸಕ್ಕ ಜಿ-ಸಿಕ್ಸ್-ಪಿ-ಡಿ ಅನ್ನೋ ಕಿಣ್ವ ಬೇಕು. ನಿಮ್ಮ ಮೊಮ್ಮಗಗ ಅದು ಹುಟ್ಟಿನಿಂದನ ಕಡಿಮಿ ಅದ. ಡಾಂಬರ ಗುಳಿಗಿ, ಅಂದರ ನ್ಯಾಫ್ತಲೀನ್, ಅದರ ಘಾಟಿಗೆ ಕಣ ಒಡದಾವ. ಒಡದ ಕಣದಾಗಿಂದ ಹಳದಿ ಬಣ್ಣ ಹುಟ್ಟತದ. ಅದಕ್ಕ ಈ ಪರಿ ಹಳದಿ.”

“ಹಂಗಾದರ ಸಕ್ಕರಿ ನೀರು ಕುಡಸ್ಲೇನ್ರಿ?”

“ಬ್ಯಾಡ್ರಿ. ಸಕ್ಕರಿ ಕಡಿಮಿ ಬಿದ್ದಿಲ್ಲ. ಅದನ್ನ ಕೆಲಸಕ್ಕ ಹಚ್ಚೋ ಕಿಣ್ವ ಕಡಿಮಿ ಅದ. ಅವ್ವನ ಹಾಲು ಸಾಕು.”

“ನನ್ನ ಕೈಯಾರೆ ಸುತ್ತಿದೆನಲ್ಲ ಯವ್ವಾ!” ಅಂತ ಬೋರಾಡಿ ಅತ್ತೆ.

“ನಿಮಗ ಗೊತ್ತಿರಲಿಲ್ಲ. ಚಲೋ ಹೊತ್ತಿಗೆ ಬಂದೀರಿ,” ಎಂದರು ಡಾಕ್ಟರು.

ಕಣ ಒಡೆದು ರಕ್ತ ಕಡಿಮೆಯಾಗಿದ್ದರಿಂದ ಯಾರದೋ ರಕ್ತವನ್ನೂ ಏರಿಸಿದರು. ಕೊಟ್ಟ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ನಾಲ್ಕು ದಿನಕ್ಕೆ ಹಳದಿ ಇಳಿಯಿತು. ಆದರೂ ಕಿವಿಯ ಚಿಂತೆ ನನ್ನನ್ನು ಬಿಡಲಿಲ್ಲ. ಮೂರು ತಿಂಗಳಿಗೆ ಪರೀಕ್ಷೆ ಮಾಡಿ, ಕಿವಿ ಎರಡೂ ಚಲೋ ಅದಾವ ಅಂದರು. ವಿದ್ಯಾಶ್ರೀ ಕೂಸನ್ನು ಎತ್ತಿಕೊಂಡು ಹೊರಬಂದಳು. ಹೊರಗೆ ಕಾಯುತ್ತಿದ್ದ ಮಾಬೂಬಿ ನನ್ನ ಬೆನ್ನ ಹಿಂದಿನಿಂದ, “ಏ ರಾಜಾ!” ಎಂದು ಕರೆದಳು. ಕೂಸು ಅತ್ತ ತಿರುಗಿತು. ಮಾಬೂಬಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ.

“ನಾಕು ಮನಿಗೆ ಹೇಳ್ರಿ ಅಕ್ಕಾ, ಅಷ್ಟ ಸಾಕು,” ಎಂದಳು.

ಅದಕ್ಕೇ ಹೇಳುತ್ತಿದ್ದೇನೆ, ಕೇಳಿರಿ. ಡಾಂಬರ ಗುಳಿಗೆ ಹಾಕಿಟ್ಟ ಬಟ್ಟೆಯನ್ನು ಹಸುಗೂಸಿಗೆ ಸುತ್ತಬೇಡಿ, ಒಗೆದಿದ್ದರೂ ಬೇಡ. ಈ ಕಿಣ್ವ ಕಡಿಮೆ ಇದೆ ಅಂತ ಆಸ್ಪತ್ರೆಯವರು ಚೀಟಿ ಕೊಟ್ಟಿದ್ದರೆ ಯಾವ ಡಾಕ್ಟರ ಬಳಿ ಹೋದರೂ ಮೊದಲು ತೋರಿಸಿ, ಅಂಥ ಮಕ್ಕಳಿಗೆ ಕೆಲವು ಔಷಧಿಗಳೂ ಆಗಿಬರುವುದಿಲ್ಲ. ಅಂಗಾಲು ಹಳದಿಯಾದರೆ, ಕೂಸು ಹಾಲು ಬಿಟ್ಟರೆ, ಬಿಸಿಲಿಗೆ ಹಿಡಿದು ಕೂಡಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ.

ಕರೆದರೆ ನನ್ನ ಮೊಮ್ಮಗ ತಿರುಗಿ ನೋಡುತ್ತಾನೆ. ನಿಮ್ಮ ಮನೆಯ ಕೂಸೂ ನೋಡಲಿ.