ಹೆವಿನ್‌ನ ಹಸಿರು ವ್ಯಾನು

ಹಳೇ ವ್ಯಾನು ಕೊಳ್ಳುವುದಾದರೆ ಹಿತ್ತಲಿನ ಸುತ್ತ ಒಂದು ಸುತ್ತು ಹೊಡೆದರೆ ಸಾಲದು, ಗುಡ್ಡ ಹತ್ತಿಸಿ ಇಳಿಸಿ ನೋಡಿಯೇ ಕೊಂಡುಕೋ ಎಂದು ಎಲ್ಲರೂ ಹೇಳಿದ್ದರು. ಹಾಗಾಗಿ ಡೆಲಿತ್, ತನಗಿಂತ ಹಳೆಯದಾದ ಆ ಹಸಿರು ವ್ಯಾನನ್ನು ವೇಲ್ಸಿನ ಕಡಿದಾದ ಗುಡ್ಡದ ಮೇಲೆ ಏದುಸಿರು ಬಿಡಿಸುತ್ತ ಹತ್ತಿಸುತ್ತಿದ್ದಳು. ಹಿಂದೆ, ಸೀಟ್ ಬೆಲ್ಟೇ ಇಲ್ಲದ ಬೆಂಚಿನ ಮೇಲೆ ಏಳು ವರ್ಷದ ಮಗಳು ಮಾರೆಡ್. ಪುಟ್ಟ ಒಲೆ, ಮಡಚುವ ಹಾಸಿಗೆ, ಮೇಲೇಳುವ ಚಾವಣಿ ಎಲ್ಲ ಅವಳಿಗೆ ಆಗಲೇ ಸ್ವಂತ ಆಗಿಬಿಟ್ಟಿದ್ದವು.

ಎದುರಿನಿಂದ ಇಂಥದ್ದೇ ಹಳೇ ವ್ಯಾನೊಂದು ಬಂತು. ಪಕ್ಕದಲ್ಲಿ ಕೂತಿದ್ದ ಮಾಲೀಕ, ಮುದುಕ ಹೆವಿನ್, ಮೊಣಕೈಯಿಂದ ತಿವಿದ.

"ಕೈ ಬೀಸು ತಾಯಿ, ಬೀಸು! ಹಳೇ ವ್ಯಾನಿನವರೆಲ್ಲ ನಮ್ಮ ಪೈಕಿ. ಬೀಸದಿದ್ರೆ ಊರೆಲ್ಲ ಆಡ್ಕೋತಾರೆ."

ಡೆಲಿತ್ ಬೀಸಿದಳು. ಅವರೂ ಬೀಸಿದರು. ಮಾರೆಡ್ ಎರಡೂ ಕೈ ಬೀಸಿದಳು.

"ಬ್ರೇಕು ಯಾಕೋ ಮೆತ್ತಗಿದೆಯಲ್ಲ, ಹೆವಿನ್ ಅವರೇ?"

"ವಯಸ್ಸಾದ ಮೇಲೆ ಎಲ್ಲಾ ಮೆತ್ತಗೇ. ನನ್ನ ಹೊಟ್ಟೆ ನೋಡು."

ಅವಳು ನಕ್ಕಳು. ಅವನ ಅಡುಗೆಮನೆಯಲ್ಲಿ ಚಹಾ ಕುಡಿದು, ಅವನ ಹೆಂಡತಿ ಮಾಡಿದ ಕೇಕು ತಿಂದು, ಅವನ ವ್ಯಾನಿನ ಮೇಲೆ ಅನುಮಾನದ ಮಾತಾಡಲು ಅವಳಿಗೆ ನಾಲಿಗೆ ಏಳಲಿಲ್ಲ.

ನೆತ್ತಿ ದಾಟಿದ್ದೇ ದಾರಿ ಕೆಳಕ್ಕೆ ಬಿತ್ತು.

"ಗೇರ್ ಇಳಿಸ್ಬೇಡ, ಕಿರುಗುಟ್ಟುತ್ತೆ ಪಾಪ. ಬ್ರೇಕಲ್ಲೇ ಇಳಿಸು."

ಅವಳು ಒತ್ತಿದಳು. ಸ್ವಲ್ಪ ದೂರ ಹಿಡಿಯಿತು. ಮತ್ತೆ ಒತ್ತಿದಳು, ಕಾಲು ಇನ್ನೂ ಕೆಳಗಿಳಿಯಿತು. ಮೂರನೇ ತಿರುವಿನಲ್ಲಿ ಪೆಡಲು ಒಮ್ಮೆಲೇ ನೆಲ ಮುಟ್ಟಿತು. ಕೆಸರಲ್ಲಿ ಹೆಜ್ಜೆ ಇಟ್ಟ ಹಾಗೆ, ಕೆಳಗೆ ಏನೂ ಇಲ್ಲ.

"ಹಿಡೀತಿಲ್ಲ," ಎಂದಳು. ತನ್ನದೇ ಸ್ವರ ಬೇರೆ ಯಾರದೋ ಅನ್ನಿಸಿತು.

"ತಮಾಷೆ ಮಾಡ್ಬೇಡಮ್ಮ."

"ಹಿಡೀತಿಲ್ಲ! ಮಾರೆಡ್, ಕೆಳಗೆ ಕೂತ್ಕೋ! ಒಲೆ ಗಟ್ಟಿಯಾಗಿ ಹಿಡ್ಕೋ!"

ಹ್ಯಾಂಡ್‌ಬ್ರೇಕು ಎಳೆದಳು. ಕೀರಲು ಸದ್ದು ಬಂತೇ ಹೊರತು ವೇಗ ಇಳಿಯಲಿಲ್ಲ. ಗೇರು ಎರಡಕ್ಕೆ ದಬ್ಬಿದಳು. ಇಂಜಿನ್ ಅರಚಿತು, ವ್ಯಾನು ಜಗ್ಗಿ ಕೊಂಚ ನಿಧಾನವಾಯಿತು. ಆದರೂ ಉರುಳುತ್ತಲೇ ಇತ್ತು. ಒಂದೇ ಗಾಡಿ ಹಿಡಿಯುವ ದಾರಿ, ಬಲಕ್ಕೆ ಕಲ್ಲಿನ ಗೋಡೆ, ಎಡಕ್ಕೆ ಮಣ್ಣಿನ ದಿಬ್ಬ.

ಕೆಳಗಿನಿಂದ ಇನ್ನೊಂದು ಹಳೇ ವ್ಯಾನು ಬರುತ್ತಿತ್ತು.

ಡೆಲಿತ್ ದೀಪ ಮಿಟುಕಿಸಿದಳು. ಒಂದು ಕೈ ಎತ್ತಿ ಹುಚ್ಚಿಯ ಹಾಗೆ ಬೀಸಿದಳು. ಪಕ್ಕಕ್ಕೆ ಹೋಗಿ, ದಾರಿ ಬಿಡಿ! ಆ ಕಡೆಯ ದಪ್ಪ ಮೀಸೆಯವನು ಖುಷಿಯಿಂದ ದೀಪ ಮಿಟುಕಿಸಿದ, ಕಿಟಕಿಯಿಂದ ಇಡೀ ತೋಳು ಹೊರಗೆ ಚಾಚಿ ಬೀಸುತ್ತ ನೇರ ಮೇಲಕ್ಕೇ ಬಂದ.

"ಅಯ್ಯೋ, ಅವನು ನಮಸ್ಕಾರ ಅಂದ್ಕೊಂಡ!" ಹೆವಿನ್ ಕೂಗಿದ.

ಹಿಂದೆ ಮಾರೆಡ್ ಅಳತೊಡಗಿದ್ದಳು. ಆ ಅಳು ಒಂದೇ ಡೆಲಿತ್‌ಳ ಕಿವಿಗೆ ಬಿದ್ದದ್ದು. ಅವಳು ಸ್ಟೇರಿಂಗ್ ಎಡಕ್ಕೆ ತಿರುಗಿಸಿದಳು.

"ಬಣ್ಣ ಕಣಮ್ಮಾ, ಬಣ್ಣ!"

ದಿಬ್ಬಕ್ಕೆ ಮೈಯೊತ್ತಿ ವ್ಯಾನು ಸಾಗಿತು. ಮುಳ್ಳು, ಕಲ್ಲು, ತಗಡು ಹರಿಯುವ ಸದ್ದು. ಕೊನೆಗೆ ಮಣ್ಣಲ್ಲಿ ಮೂತಿ ತುರುಕಿ ನಿಂತಿತು. ಎದುರಿನ ವ್ಯಾನು ಒಂದು ಮಾರು ದೂರದಲ್ಲಿ ನಿಂತಿತ್ತು. ಮೀಸೆಯವನ ತೋಳು ಇನ್ನೂ ಕಿಟಕಿಯ ಹೊರಗೇ ಇತ್ತು.

ಡೆಲಿತ್ ಹಿಂದಕ್ಕೆ ಹಾರಿ ಮಗಳ ತಲೆ, ಕೈ, ಬೆನ್ನು ಎಲ್ಲ ತಡವಿದಳು. ರಕ್ತ ಇರಲಿಲ್ಲ. ಮತ್ತೆ ಮತ್ತೆ ತಡವಿದಳು.

"ಕೊಟ್ಟಿಗೇಲಿ ವರ್ಷಗಟ್ಟಲೆ ನಿಂತಿತ್ತು," ಹೆವಿನ್ ಬಿಳಿಚಿಕೊಂಡ ಮುಖದಲ್ಲಿ ಗೊಣಗಿದ. "ಬಣ್ಣ ಹೊಡೆದೆ, ಪರದೆ ಹೊಲಿಸ್ದೆ. ಬ್ರೇಕ್ ಎಣ್ಣೆ ಮಾತ್ರ ಬದಲಿಸ್ಲೇ ಇಲ್ಲ… ಬೆಲೆ ಇಳಿಸ್ತೀನಿ ತಾಯಿ. ಅರ್ಧಕ್ಕೇ ಕೊಡ್ತೀನಿ."

"ಬೇಡ."

"ರಿಪೇರಿ ಮಾಡಿಸಿ…"

"ಬೇಡ ಅಂದೆ."

ಚಹಾ, ಕೇಕು ಯಾವುದೂ ಈಗ ಅವಳ ನಾಲಿಗೆಗೆ ಅಡ್ಡ ಬರಲಿಲ್ಲ. ಊರಿನತನಕ ಬಿಡುತ್ತೇನೆಂದು ಮೀಸೆಯವನು ತನ್ನ ವ್ಯಾನಿನ ಬಾಗಿಲು ತೆರೆದಾಗ ಒಳಗಿನ ಬೆಂಚು ಕಂಡಿತು. ಅಲ್ಲೂ ಬೆಲ್ಟು ಇರಲಿಲ್ಲ. ಅವಳು ತಲೆಯಾಡಿಸಿ ಮಗಳೊಂದಿಗೆ ನಡೆಯುತ್ತಲೇ ಗುಡ್ಡ ಇಳಿದಳು.

"ಅಮ್ಮಾ, ಕೈ ನೋಯ್ತಿದೆ. ಇಷ್ಟು ಗಟ್ಟಿ ಯಾಕೆ ಹಿಡ್ಕೊಂಡಿದೀಯಾ?"

"ಇನ್ನು ಸ್ವಲ್ಪ ದೂರ ಪುಟ್ಟಾ," ಎಂದಳು ಡೆಲಿತ್. ಬೆರಳು ಸಡಿಲಿಸಲು ಅವಳಿಂದ ಆಗಲಿಲ್ಲ.