ಹೆಲಿಪ್ಯಾಡಿನ ತಕ್ಕಡಿ

“ಇಳಿಸಬೇಡಿ, ಇಲ್ಲಿ ಇಳಿಸಬೇಡಿ!” ಎನ್ನುತ್ತ ಹೆಲಿಪ್ಯಾಡಿನ ಗೇಟಿನಲ್ಲಿ ಕಾವಲುಗಾರ ಶವಪೆಟ್ಟಿಗೆಗೆ ಅಡ್ಡ ಬಂದ.

ಹೊತ್ತವರೆಲ್ಲ ಕಾರ್ಖಾನೆಯ ಕೆಲಸಗಾರರು. ಮುಂದೆ ನಿಂತಿದ್ದವಳು ಸತ್ತವನ ಹೆಂಡತಿ.

“ಇಳಿಸೋಕೆ ಯಾರು ಬಂದ್ರಪ್ಪ? ಒಳಗೆ ಹೋಗ್ಬೇಕು. ಗೇಟು ತೆಗಿ.”

“ಅಕ್ಕಾ, ಹೆಲಿಪ್ಯಾಡು ಇವತ್ತಿಂದ ಬಂದ್.”

“ಅದಕ್ಕೇ ಇವತ್ತು ಬಂದೆ. ನಾಳೆ ಇಲ್ಲಿ ಗೋದಾಮಿಗೆ ಪಾಯ ತೋಡ್ತಾರಂತೆ. ನಮ್ಮನೆಯವರು ಇಷ್ಟು ವರ್ಷ ಕಂಡಕಂಡವರನ್ನೆಲ್ಲ ಹೆಲಿಕಾಪ್ಟರ್ ಹತ್ತಿಸಿ ಕಳಿಸಿದ್ರು, ತಾವು ಒಂದು ಸಲಾನೂ ಹತ್ತಲಿಲ್ಲ. ಅವರನ್ನ ಅಲ್ಲಿಂದಲೇ ಕಳಿಸ್ತೀನಿ. ಆಮೇಲೆ ಸ್ಮಶಾನ.”

ಕಾರ್ಖಾನೆ ಮಾಲೀಕರ ಕಚೇರಿ ಬೇರೆಡೆಗೆ ಹೋದಮೇಲೆ ಹೆಲಿಕಾಪ್ಟರ್ ಬರುವುದು ನಿಂತಿತ್ತು. ಭಾರ ಮಿತಿ ಮೀರದಂತೆ, ಹತ್ತುವವರನ್ನೂ ಅವರ ಚೀಲಗಳನ್ನೂ ತೂಗುವುದು ಸತ್ತವನ ಕೆಲಸವಾಗಿತ್ತು. ಎಲ್ಲರ ಬಾಯಲ್ಲೂ ಅವನು ‘ತಕ್ಕಡಿ’. ಮಾಲೀಕನಿರಲಿ, ಮಾಲೀಕನ ಬೀಗನಿರಲಿ, ತೂಗದೆ ಬಿಟ್ಟವನಲ್ಲ. ಮನೆಗೆ ಬಂದ ನೆಂಟರನ್ನೂ ಕಣ್ಣಲ್ಲೇ ತೂಗಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಹೊಸ ಮ್ಯಾನೇಜರು ಬಂದು, ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳಿದರು: “ನಿಮ್ಮ ದುಃಖ ಅರ್ಥ ಆಗುತ್ತಮ್ಮ. ಇಲ್ಲೇ ಗೇಟಿನ ಹತ್ರ ಹೂವಿಟ್ಟು ಹೋಗಿ. ಮುಚ್ಚಿದ ಜಾಗ ಅದು.”

ಅವಳಿಗೆ ಬೆಳಗಿನಿಂದ ಬಾರದ ಅಳು ಈಗಲೂ ಬರಲಿಲ್ಲ, ಸಿಟ್ಟು ಬಂತು.

ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ವೆಲ್ಡರ್ ಸುಟ್ಟ ಕಲೆಯ ಕತ್ತನ್ನು ಇತ್ತ ತಿರುಗಿಸಿದ. “ಸಾರ್, ಆ ಜಾಗ ಇಲ್ದಿದ್ರೆ ಇವತ್ತು ಇವರನ್ನ ಹೊರೋಕೆ ನಾನಿರ್ತಿರಲಿಲ್ಲ.”

*

ವರ್ಷಗಳ ಹಿಂದೆ ಒಂದು ದಿನ ಬಾಯ್ಲರ್ ಸಿಡಿದು ವೆಲ್ಡರ್ ಬೆಂದುಹೋಗಿದ್ದ. ಸಾಮಾನು ಸಾಗಿಸುವ ಗಾಡಿಯ ಮೇಲೆ ಅವನನ್ನು ಮಲಗಿಸಿಕೊಂಡು ಕಾರ್ಖಾನೆಯ ನರ್ಸಿನೊಂದಿಗೆ ಬಂದಾಗ ಹೆಲಿಕಾಪ್ಟರಿನ ರೆಕ್ಕೆ ತಿರುಗುತ್ತಿತ್ತು. ಒಳಗೆ ಮಾಲೀಕರೂ ಅವರ ಅತಿಥಿಯೂ ಕೂತಿದ್ದರು. ತಕ್ಕಡಿ ಹೋಗಿ ಬಾಗಿಲು ತೆಗೆದ.

“ಯಜಮಾನ್ರೇ, ನಿಮ್ಮಿಬ್ಬರ ತೂಕ ಈಗಷ್ಟೇ ನೋಡಿದೀನಿ. ನೀವಿಬ್ಬರೂ ಇಳಿದ್ರೆ ಇವನು, ಜತೆಗೆ ನರ್ಸಮ್ಮ, ಇಬ್ಬರೂ ಆಸ್ಪತ್ರೆಗೆ ಆರಾಮಾಗಿ ಹೋಗ್ತಾರೆ.”

“ನಿನಗೆ ನಾಳೆಯಿಂದ ಕೆಲಸ ಬೇಡ್ವಾ?”

“ನಾಳೆ ಮಾತು ನಾಳೆಗೆ. ಈಗ ಇಳೀರಿ.”

ಪೈಲಟ್ ಹೆಲಿಕಾಪ್ಟರನ್ನು ಮೇಲೇಳಿಸಲಿಲ್ಲ. ಕೊನೆಗೆ ಮಾಲೀಕರೇ ಇಳಿದರು, ಹಿಂದೆಯೇ ಅತಿಥಿಯೂ. ಕೆಲಸವೇನೋ ಉಳಿಯಿತು, ಬಡ್ತಿ ಮಾತ್ರ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ಸಲ ಮಾಲೀಕರು ಬಂದಾಗ ತಕ್ಕಡಿ ಅವರನ್ನು ಎಂದಿನಂತೆ ತೂಗಿ, “ಸ್ವಲ್ಪ ಜಾಸ್ತಿ ಆಗಿದೀರಿ,” ಎಂದ.

*

“ಅದೆಲ್ಲ ಸರಿ,” ಎಂದರು ಮ್ಯಾನೇಜರು. “ಆದ್ರೆ ಅಲ್ಲಿ ಯಾರೂ ಕಾಲಿಡೋ ಹಾಗಿಲ್ಲ.”

“ಕಾಲಿಡೋದು ನಾವು. ಅವರು ಹೆಗಲ ಮೇಲಿದಾರೆ,” ಎಂದಳು ಅವಳು.

ಯಾರೋ ಕಿಸಕ್ಕೆಂದರು. ಕಾವಲುಗಾರ ಕೀಲಿ ತಿರುಗಿಸಿ ಬೀಗ ತೆಗೆದ.

“ಏಯ್, ನಿನ್ನ ಕೆಲಸ ಹೋಗುತ್ತೆ!”

“ಹೆಲಿಪ್ಯಾಡೇ ಹೋಯ್ತಲ್ಲ ಸಾರ್. ಇನ್ನು ಈ ಗೇಟು ಕಾಯೋಕೆ ನನ್ನನ್ಯಾಕೆ ಇಟ್ಕೋತೀರಿ?”

ಗೇಟು ತೆರೆಯಿತು. ಒಳಗೆ, ಇನ್ನು ಯಾವ ಹೆಲಿಕಾಪ್ಟರೂ ಇಳಿಯಬಾರದೆಂದು ಸಿಮೆಂಟು ನೆಲದ ತುಂಬ ಬಿಳಿ ಕತ್ತರಿ ಗುರುತು ಬಳಿದಿದ್ದರು.

“ಬಣ್ಣ ಒಣಗಿಲ್ಲಮ್ಮಾ, ಸುತ್ತಿ ಹೋಗಿ!” ಎಂದು ಬಣ್ಣದವನು ಕೂಗಿದ.

“ಸುತ್ತಿ ಹೋಗೋದು ನಮ್ಮನೆಯವರಿಗೆ ಗೊತ್ತಿರಲಿಲ್ಲಪ್ಪ.”

ಅವಳು ನೇರ ನಡೆದಳು, ಹಿಂದೆ ಪೆಟ್ಟಿಗೆ. ಮ್ಯಾನೇಜರು “ನಿಲ್ಲಿ, ನಿಲ್ಲಿ” ಎನ್ನುತ್ತ ಓಡಿ ಬಂದರು. ಹೊತ್ತವರು ನಡುಮಧ್ಯದಲ್ಲಿ ಪೆಟ್ಟಿಗೆ ಇಳಿಸಿದರು. ಗಾಳಿ ಬೀಸುತ್ತಿತ್ತು. ಅವಳು ಮುಚ್ಚಳದ ಮೇಲೆ ಅಂಗೈ ಊರಿ ನಿಂತಳು. ಆಗ ಅಳು ಬಂತು, ಅತ್ತಳು. ಯಾರೂ ಅವಸರ ಮಾಡಲಿಲ್ಲ.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಹ್ಞೂಂ, ಎತ್ತಿ. ಹೊರಡಲಿ,” ಎಂದಳು.

ಗೇಟು ದಾಟಿ ಸ್ಮಶಾನದ ಕಡೆ ತಿರುಗುವ ಕಪ್ಪು ಡಾಂಬರಿನ ಮೇಲೆ ಬಿಳಿ ಹೆಜ್ಜೆಗಳು ಸಾಲಾಗಿ ಮೂಡುತ್ತ ಹೋದವು: ಚಪ್ಪಲಿಯವು, ಬರಿಗಾಲಿನವು, ಕಾರ್ಖಾನೆಯ ದಪ್ಪ ಬೂಟಿನವು. ತಡೆಯಲು ಬಂದ ಮ್ಯಾನೇಜರ ಚೂಪು ತುದಿಯ ಶೂಗಳ ಗುರುತೂ ಅವುಗಳ ಜತೆಯಲ್ಲೇ ತಿರುವಿನ ತನಕ ಹೋಗಿತ್ತು.