ಎರಡನೆಯ ನಂಬರ್

ಒಂದೇ ಸೂರಿನಡಿ ಇದ್ದುಕೊಂಡೂ ಬೇರೆಯಾಗಬಹುದು ಎಂದು ವಕೀಲೆ ಹೇಳಿದಾಗ ರೋಸ್ವಿಟಾಗೆ ನಗು ಬಂದಿತ್ತು. ಕಾನೂನಿನ ಪ್ರಕಾರ ವಿಚ್ಛೇದನಕ್ಕೆ ಮೊದಲು ಒಂದು ವರ್ಷ ಗಂಡ ಹೆಂಡತಿ ಒಬ್ಬರಿಗೊಬ್ಬರು ಅಡುಗೆ ಮಾಡಬಾರದು, ಬಟ್ಟೆ ಒಗೆಯಬಾರದು. ಮಾಡಿದರೆ ಅದು ಸಂಸಾರ, ವರ್ಷ ಮತ್ತೆ ಮೊದಲಿಂದ ಶುರು. ಬೇರೆ ಮನೆ ಹಿಡಿಯೋಣವೆಂದರೆ ಅವಳಿಗೆ ಕೆಲಸವಿರಲಿಲ್ಲ. ಹಾಗಾಗಿ ಗಂಡ ಎಕ್‌ಹಾರ್ಟ್ ಕೆಳಗೆ, ಅವಳು ಮಹಡಿಯಲ್ಲಿ. ಫ್ರಿಜ್ಜಿನಲ್ಲಿ ಅವನ ಸಾಸೇಜೂ ಅವಳ ಚೀಸೂ ಒಂದನ್ನೊಂದು ಮುಟ್ಟುತ್ತಿರಲಿಲ್ಲ.

ಟೆಲಿಫೋನನ್ನು ಪಾಲು ಮಾಡಿದವನು ಎಕ್‌ಹಾರ್ಟ್. ಊರಿಗೆಲ್ಲ ಡಿಜಿಟಲ್ ಲೈನ್ ಹಾಕಿಕೊಡುವುದೇ ಅವನ ಕಸುಬು. ಒಂದು ತಂತಿಗೆ ಮೂರು ನಂಬರ್: ಮೊದಲನೆಯದು ಅವನಿಗೆ, ಎರಡನೆಯದು ಅವಳಿಗೆ, ಮೂರನೆಯದು ಅವನ ಕಂಪ್ಯೂಟರಿಗೆ. ಯಾವ ಕರೆ ಎಲ್ಲಿಗೆ ಹೋಗಬೇಕೆಂದು ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೀರ್ಮಾನಿಸುತ್ತಿತ್ತು. ಪೆಟ್ಟಿಗೆಗೆ ಬುದ್ಧಿ ಹೇಳಿಕೊಟ್ಟವನು ಮಾತ್ರ ಅವನೇ.

ಹತ್ತಿರದ ಗೋಸ್ಲಾರ್ ಊರಿನ ವೃದ್ಧಾಶ್ರಮವೊಂದರಲ್ಲಿ ಅವಳು ಕೆಲಸ ಕೇಳಿ ಬಂದಿದ್ದಳು. ಕೆಲಸದ ಜೊತೆ ಇರಲು ಕೋಣೆಯೂ ಸಿಗುತ್ತಿತ್ತು. ಫೋನ್ ಮಾಡುತ್ತೇವೆ ಎಂದಿದ್ದರು. ಮೊಬೈಲ್ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ; ಅವಳು ಬ್ರೆಡ್ ತರಲು ಹೋದರೂ ಓಡೋಡಿ ಬರುತ್ತಿದ್ದಳು. ತಂಗಿಯ ಕರೆ ಬರುತ್ತಿತ್ತು, ಗೆಳತಿಯ ಕರೆಯೂ ಬರುತ್ತಿತ್ತು. ಇಬ್ಬರ ಮನೆಗೂ ಎಕ್‌ಹಾರ್ಟನೇ ಹೊಸ ಲೈನ್ ಹಾಕಿದ್ದ. ಆಶ್ರಮದ ಕರೆ ಮಾತ್ರ ಬರಲಿಲ್ಲ. ತಾನೇ ಫೋನ್ ಮಾಡಿದರೆ ಗಂಟುಬಿದ್ದ ಹಾಗಾಗುತ್ತದೆ ಎಂದು ಸುಮ್ಮನಿದ್ದಳು. ಮೂರನೆಯ ವಾರ ತಡೆಯಲಾರದೆ ಬಸ್ಸು ಹತ್ತಿದಳು.

"ಎಷ್ಟು ಸಲ ಮಾಡಿದ್ವಿ, ಗೊತ್ತಾ?" ಎಂದರು ಮೇಲ್ವಿಚಾರಕಿ ಶ್ರೀಮತಿ ಓಲ್‌ಮನ್. "ಪ್ರತಿ ಸಲಾನೂ ಕಿವಿ ತೂತಾಗೋ ಹಾಗೆ ಶಿಳ್ಳೆ. ನಿಮಗೆ ಇಷ್ಟ ಇಲ್ವೇನೋ ಅಂದ್ಕೊಂಡ್ವಿ. ನಿನ್ನೆ ಬೇರೆಯವರನ್ನ ತಗೊಂಡ್ಬಿಟ್ವಿ ಕಣಮ್ಮ."

ಮೇಜಿನ ಮೇಲೆ ಹಳೆಯ ಕಾಲದ, ಡಯಲ್ ತಿರುಗಿಸುವ ಫೋನು ಕೂತಿತ್ತು.

ಅವಳು ಮನೆಗೆ ಬಂದಾಗ ಎಕ್‌ಹಾರ್ಟ್ ಕಾಫಿ ಕುಡಿಯುತ್ತಿದ್ದ.

"ನನ್ನ ನಂಬರಿಗೆ ಮಾಡಿದ್ರೆ ಶಿಳ್ಳೆ ಯಾಕೆ ಬರತ್ತೆ?"

"ಅದು ನನ್ನ ಫ್ಯಾಕ್ಸಿನ ಶಿಳ್ಳೆ. ಅದಕ್ಕೆ ನಂಬರ್ ಉಳೀಲಿಲ್ಲ, ನಿಂದಕ್ಕೇ ಸೇರಿಸ್ದೆ. ಹೊಸ ಲೈನಿನ ಕರೆ 'ನಾನು ಮಾತಿನ ಕರೆ, ಫ್ಯಾಕ್ಸಲ್ಲ' ಅಂತ ಹೇಳ್ಕೊಂಡೇ ಬರತ್ತೆ. ಹಳೇ ಲೈನಿಂದು ಏನೂ ಹೇಳಲ್ಲ. ಅದನ್ನೆಲ್ಲ ಪೆಟ್ಟಿಗೆ ಫ್ಯಾಕ್ಸಿಗೆ ಕೊಡತ್ತೆ. ಈ ಕಾಲದಲ್ಲಿ ಹಳೇ ಲೈನ್ ಯಾರಿಟ್ಕೊಂಡಿರ್ತಾರೆ?"

"ಬಂದ ಕರೆ ಎಲ್ಲ ನಿನ್ನ ಕಂಪ್ಯೂಟರಲ್ಲಿ ಕಾಣತ್ತಲ್ಲ. ಗೋಸ್ಲಾರಿಂದು ಕಾಣ್ಲಿಲ್ವಾ?"

ಅವನು ಲೋಟ ಕೆಳಗಿಟ್ಟ. "ಕಾಣ್ತು."

"ಮತ್ತೆ?"

"ಮತ್ತೇನು? ಹೋದ ತಿಂಗಳು ಜ್ವರ ಬಂದು ಮಲಗಿದ್ದಾಗ ಒಂದು ಲೋಟ ಚಹಾ ಕೇಳ್ದೆ. ಕೊಟ್ರೆ ಸಂಸಾರ ಆಗತ್ತೆ ಅಂತ ನೀನಂದೆ. ನಿನ್ನ ಕರೆ ನಾನು ತಿಳಿಸಿದ್ರೆ ಅದೇನಾಗತ್ತೆ?"

ಚಹಾ ಕೊಡದಿದ್ದದ್ದು ನಿಜ. ಅವಳಿಗೆ ಅಳು ಬರಲಿಲ್ಲ. ಇವನನ್ನು ಒಂದು ಕಾಲದಲ್ಲಿ ಪ್ರೀತಿಸಿದ್ದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಬೇರೆ ಆಶ್ರಮಗಳಿಗೂ ಅರ್ಜಿ ಹಾಕಬೇಕಿತ್ತು. ಅಲ್ಲೂ ಹಳೆಯ ಫೋನೇ ಇದ್ದರೆ? ಆ ಪೆಟ್ಟಿಗೆಯನ್ನು ಸರಿಮಾಡಲು ತಿಳಿದಿದ್ದವನು ಊರಿಗೇ ಇವನೊಬ್ಬ.

"ಅದನ್ನ ಸರಿ ಮಾಡು," ಎಂದಳು. ಅವನು ಕಾಯುತ್ತ ಕೂತ. ಅವಳಿಗೆ ಅರ್ಥವಾಯಿತು.

"ದಯವಿಟ್ಟು, ಎಕ್‌ಹಾರ್ಟ್."

ಅವನು ಎದ್ದು ಹೋಗಿ ಕಂಪ್ಯೂಟರಿನಲ್ಲಿ ಏನೋ ಎರಡು ಕೀಲಿ ಒತ್ತಿ ವಾಪಸು ಬಂದ. ಕಾಫಿಯಿಂದ ಇನ್ನೂ ಹಬೆ ಏಳುತ್ತಿತ್ತು.